ಕಳ್ಳನಿಗೂ ಯಜಮಾನನಿಗೂ ಒಟ್ಟಿಗೆ ರಜೆ

ಕ್ಯಾಂಪ್ ಬಾಸ್ ಅಂದರೆ ಬಾಸ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬಾರದು. ನಮ್ಮ ಉಚ್ಚಿಲದ ಕಡೆಯಿಂದ ಈಗಲೂ ಹುಡುಗರು ಈ ಕೆಲಸಕ್ಕೆ ಸೌದಿಗೆ ಹೊರಡುತ್ತಾರೆ. ಹೊರಡುವ ಮೊದಲು ನನ್ನ ಮನೆಗೆ ಬಂದು, "ಹಮೀದಾಕ, ಅಲ್ಲಿ ಎಂತ ಮಾಡ್ಲಿಕ್ಕೆ ಉಂಟು?" ಅಂತ ಕೇಳುತ್ತಾರೆ. ಚಹಾ ಕುಡಿಸಿ, ಒಂದೆರಡು ಮಾತು ಹೇಳಿ ಕಳಿಸುತ್ತಿದ್ದೆ. ಈಗ ಬರೆದೇ ಇಡುವುದು ಒಳ್ಳೆಯದು ಅಂತ ಕಂಡಿತು. ಚಹಾಪುಡಿಯಾದರೂ ಉಳಿಯುತ್ತದೆ.

ಕಂಪೆನಿಯ ಕೆಲಸಗಾರರು ಉಣ್ಣುವ, ಮಲಗುವ, ಬಟ್ಟೆ ಒಗೆಯುವ ಜಾಗಕ್ಕೆ ಕ್ಯಾಂಪ್ ಅಂತ ಹೆಸರು. ಅದರ ಕೀಗೊಂಚಲು ಯಾರ ಸೊಂಟದಲ್ಲಿ ಇರುತ್ತದೋ ಅವನೇ ಕ್ಯಾಂಪ್ ಬಾಸ್. ಏಸಿಯಿಂದ ನೀರು ಸುರಿದರೆ ಅವನನ್ನು ಕರೆಯುತ್ತಾರೆ, ಅನ್ನ ಮುದ್ದೆಯಾದರೆ ಅವನನ್ನು ಕರೆಯುತ್ತಾರೆ, ಪಕ್ಕದ ಮಂಚದವನು ಗೊರಕೆ ಹೊಡೆದರೂ ಅವನನ್ನೇ ಕರೆಯುತ್ತಾರೆ. ಅಲ್ ಖಫ್ಜಿಯಲ್ಲಿ ಇದ್ದಾಗ ಒಬ್ಬ ಫಿಟ್ಟರ್ ಬಂದು, ಕನಸಿನಲ್ಲಿ ಹಾವು ಬರುತ್ತದೆ, ರೂಮ್ ಬದಲಿಸಿ ಕೊಡಿ ಅಂದ. ಬದಲಿಸಿ ಕೊಟ್ಟೆ. ಹೊಸ ರೂಮಿನಲ್ಲಿ ಹಾವು ಬರಲಿಲ್ಲ. ಆದರೆ ಹಳೇ ರೂಮಿಗೆ ಹೋದವನು ವಾರದೊಳಗೆ ನನ್ನ ಬಾಗಿಲು ಬಡಿದ, ಅವನಿಗೂ ಹಾವು! ನಗಬೇಡಿ. ಇಂಥದ್ದಕ್ಕೆ ಯಾವ ಟ್ರೈನಿಂಗಿನಲ್ಲೂ ಉತ್ತರ ಕಲಿಸುವುದಿಲ್ಲ.

ಖಫ್ಜಿ ಆಯಿತು, ಸ್ವಲ್ಪ ಕಾಲ ಉನೈಜಾದ ತೋಟದ ಕಂಪೆನಿ ಆಯಿತು, ಕೊನೆಗೆ ರಾಸ್ ಅಲ್ ಖೈರ್‌ನಲ್ಲಿ ಬೇರು ಬಿಟ್ಟೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳು, ನಡುವೆ ದೊಡ್ಡ ದೊಡ್ಡ ಪ್ಲಾಂಟುಗಳು. ಅಲ್ಲಿಗೆ ಹೋದ ಮೇಲೆ ನನಗೆ ಸಿಕ್ಕಿದ ದೊಡ್ಡ ಲಾಭ ಎರಡು. ಒಂದು, ಸ್ಟೋರ್‌ಕೀಪರ್ ಲಾರೆನ್ಸ್. ಕಾರ್ಕಳದವನು, ಬಾಯಿ ತೆಗೆದರೆ ತಮಾಷೆ. ಇನ್ನೊಂದು, ಸಿ ಬ್ಲಾಕ್.

ಸಿ ಬ್ಲಾಕಿನಲ್ಲಿ ಇದ್ದವರೆಲ್ಲ ಇಂಡೋನೇಷ್ಯಾದ ಲೊಂಬೊಕ್ ದ್ವೀಪದವರು. ಅದರಲ್ಲೂ ಹೆಚ್ಚಿನವರು ಒಂದೇ ಹಳ್ಳಿಯವರು. ಹೊಸತರಲ್ಲಿ ನಾನು, ಅಕ್ಕಿ ಉಣ್ಣುವವರೆಲ್ಲ ಒಂದೇ ಅಂತ ತಿಳಿದು ಅವರಿಗೂ ಎಲ್ಲರ ಜೊತೆ ಬಾಸ್ಮತಿಯನ್ನೇ ಹಾಕಿಸಿದೆ. ಅಂಟಂಟು ಅನ್ನ ಉಂಡು ಬೆಳೆದ ಅವರು ಆ ಉದುರುದುರು ಅನ್ನವನ್ನು ಬೆರಳಲ್ಲಿ ಸರಿಸಿ ಸರಿಸಿ ನೋಡುತ್ತಿದ್ದರು, ಊಟದಲ್ಲಿ ಏನೋ ಕಳೆದುಹೋಗಿದೆ ಎಂಬ ಹಾಗೆ. ಪಾಪ, ಬಾಯಿ ಬಿಟ್ಟು ಹೇಳುವ ಜನ ಅಲ್ಲ ಅವರು.

ಒಂದು ದಿನ ಸೇಫ್ಟಿ ಆಫೀಸರ್ ಸೈರನ್ ಹಾಕಿಸಿ ಸಿ ಬ್ಲಾಕ್ ಪೂರ್ತಿ ಖಾಲಿ ಮಾಡಿಸಿದ. ಗ್ಯಾಸ್ ಸೋರುತ್ತಿದೆ ಅಂತ ಅವನ ಲೆಕ್ಕ. ಮೂಗಿಗೆ ಮಾಸ್ಕ್ ಹಾಕಿದವರು ಮೀಟರ್ ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದಾರೆ. ನಾನು ಗೇಟಿನ ಹತ್ತಿರ ಬಂದವನೇ ಒಮ್ಮೆ ಉಸಿರು ಎಳೆದೆ, ಬಾಯಲ್ಲಿ ನೀರು ಬಂತು. ಅದು ಗ್ಯಾಸ್ ಅಲ್ಲ, ಸಿಗಡಿ! ನಮ್ಮಲ್ಲಿ ಮಳೆಗಾಲದಲ್ಲಿ ಒಣ ಸಿಗಡಿ ಕೆಂಡದ ಮೇಲೆ ಸುಡುತ್ತಾರಲ್ಲ, ಅದೇ ವಾಸನೆ. ಒಳಗೆ ಹೋಗಿ ನೋಡಿದರೆ ಒಬ್ಬ ಗಿಡ್ಡ ಮನುಷ್ಯ, ತಲೆಗೆ ಟವೆಲ್ ಸುತ್ತಿ, ಊರಿಂದ ತಂದ ಸಿಗಡಿ ಪೇಸ್ಟನ್ನು ಮಗುಚಿಟ್ಟ ಇಸ್ತ್ರಿಪೆಟ್ಟಿಗೆಯ ಮೇಲೆ ಸುಡುತ್ತಿದ್ದಾನೆ. ಸೈರನ್ ತನಗಾಗಿಯೇ ಕೂಗುತ್ತಿದೆ ಅಂತ ಅವನಿಗೆ ಗೊತ್ತೇ ಇಲ್ಲ. ನಾನು ಬೈಯಲಿಕ್ಕೆ ಹೋದವನು ಬೆರಳು ಅದ್ದಿ ನೆಕ್ಕಿದೆ. ಮರುವಾರವೇ ಅವನನ್ನು ಕೆಲಸದ ಗ್ಯಾಂಗಿನಿಂದ ಬಿಡಿಸಿ, ಸಿ ಬ್ಲಾಕಿನ ಮೆಸ್ಸಿಗೆ ಅಡಿಗೆಯವನಾಗಿ ಹಾಕಿಸಿದೆ.

ಅವರೇ ಅಮಾಕ್ ರೊಹಾನಿ. ಅಮಾಕ್ ಅಂದರೆ ಅವರ ಭಾಷೆಯಲ್ಲಿ ಅಪ್ಪ. ಮೊದಲ ಮಗು ಹುಟ್ಟಿದ ಮೇಲೆ ಅಲ್ಲಿ ಗಂಡಸಿನ ಸ್ವಂತ ಹೆಸರು ಮೂಲೆ ಸೇರುತ್ತದೆ, ಮಗುವಿನ ಹೆಸರಿಂದಲೇ ಕರೆಯುತ್ತಾರೆ. ರೊಹಾನಿಯ ಅಪ್ಪ, ಅಷ್ಟೆ. ಇಕಾಮಾದಲ್ಲಿ, ಅಂದರೆ ಸೌದಿಯ ಗುರುತಿನ ಕಾರ್ಡಿನಲ್ಲಿ, ಬೇರೆ ಹೆಸರಿತ್ತು, ಆ ಹೆಸರು ಹಿಡಿದು ಕೂಗಿದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ನನ್ನನ್ನು ಅವರು ಪಾಕ್ ಹಮೀದ್ ಅನ್ನುತ್ತಿದ್ದರು. ಪಾಕ್ ಅಂದರೂ ಹಿರಿಯರಿಗೆ ಕೊಡುವ ಮರ್ಯಾದೆ. ನಮ್ಮ ಮಾತುಕತೆ ನಡೆಯುತ್ತಿದ್ದದ್ದು ಕ್ಯಾಂಪಿನ ಹರಕು ಅರಬ್ಬಿಯಲ್ಲಿ, ಸ್ವಲ್ಪ ಹಿಂದಿ, ಉಳಿದದ್ದು ಕೈಸನ್ನೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಪುಣ್ಯ.

ಇವರ ಹಳ್ಳಿಯ ಹೆಸರು ಗುಬುಕ್ ನಾಂಕಾ. ಹಲಸಿನ ಕೇರಿ ಅಂತ ಅರ್ಥವಂತೆ. ಫೋನಿನ ಮ್ಯಾಪಿನಲ್ಲಿ ಹುಡುಕಿದೆ, ಬರೀ ಹಸಿರು ಬಣ್ಣ ಕಂಡಿತು, ಹೆಸರಿಲ್ಲ. ಆದರೆ ಆ ಊರಿನ ದಾರಿ ನನಗೆ ಬಾಯಿಪಾಠ. ರೊಹಾನಿಯ ಅಮ್ಮ ವಿಡಿಯೊ ಕಾಲ್ ಮಾಡಿದರೆ ಒಂದು ಕಡೆ ನಿಂತು ಮಾತಾಡುವವಳಲ್ಲ. ಬಾತುಕೋಳಿ ಅಟ್ಟುತ್ತಾ, ಗದ್ದೆ ಬದುವಿನಲ್ಲಿ ನಡೆಯುತ್ತಾ ಮಾತಾಡುವವಳು. ಫೋನಿನಲ್ಲಿ ಒಮ್ಮೆ ಆಕಾಶ, ಒಮ್ಮೆ ಅವಳ ಕಿವಿ, ಒಮ್ಮೆ ರಿಂಜಾನಿ ಬೆಟ್ಟ. ಅದು ಬೆಂಕಿ ಉಗುಳುವ ಬೆಟ್ಟ, ಆದರೆ ಊರವರು ಅದನ್ನು ಸಿಟ್ಟಿನ ಅಜ್ಜನ ಹಾಗೆ ಸಲಿಗೆಯಲ್ಲಿ ಬೈಯುತ್ತಾರೆ. ಕೆಳಗೆ ಭತ್ತ, ಭತ್ತ ಮುಗಿದ ಮೇಲೆ ಹೊಗೆಸೊಪ್ಪು. ಹೊಗೆಸೊಪ್ಪು ಒಣಗಿಸುವ ಎತ್ತರದ ಇಟ್ಟಿಗೆ ಗೂಡುಗಳು. ಟೋಪಿ ಹಾಕಿದ ಹಾಗೆ ಮಾಡು ಇರುವ ಭತ್ತದ ಕಣಜ. ಪೇಟೆಗೆ ಹೋಗಲು ಕುದುರೆಗಾಡಿ. ಮನೆಮನೆಯ ಜಗುಲಿಯಲ್ಲಿ ಹೆಂಗಸರ ಮಗ್ಗ. ಮಸೀದಿ ಮಾತ್ರ ಭಾರೀ ದೊಡ್ಡದು, ಹೊರದೇಶದಿಂದ ಗಂಡಸರು ಕಳಿಸಿದ ದುಡ್ಡಿನಿಂದ ಎದ್ದದ್ದು. ಆ ಗಂಡಸರು ಎಲ್ಲಿ ಅಂದರೆ ಕೆಲವರು ಮಲೇಷ್ಯಾದ ಎಣ್ಣೆತಾಳೆ ತೋಟದಲ್ಲಿ, ಉಳಿದವರು ನನ್ನ ಸಿ ಬ್ಲಾಕಿನಲ್ಲಿ. ಶುಕ್ರವಾರದ ನಮಾಜಿಗೆ ಅಲ್ಲಿ ಮೊದಲ ಸಾಲು ತುಂಬುವುದು ಮುದುಕರಿಂದ ಮತ್ತು ಶಾಲೆಮಕ್ಕಳಿಂದ.

ಶುಕ್ರವಾರ ಇವರು ನೆಲಕ್ಕೆ ಚಾಪೆ ಹಾಸಿ, ದೊಡ್ಡ ತಟ್ಟೆಯ ಸುತ್ತ ಕೂತು ಒಟ್ಟಿಗೆ ಉಣ್ಣುತ್ತಿದ್ದರು. ಕ್ಯಾಂಪಿನ ಮ್ಯಾನೇಜರ್ ಅಬು ಫಹದ್ ಉನೈಜಾದ ಸೌದಿ. ಒಮ್ಮೆ ಇನ್‌ಸ್ಪೆಕ್ಷನ್ನಿಗೆ ಅಂತ ಬಂದವರು ಇದನ್ನು ನೋಡಿ ಚಪ್ಪಲಿ ಕಳಚಿ ಕೂತೇಬಿಟ್ಟರು. "ಇದು ನಮ್ಮ ಅಜ್ಜನ ಕಾಲದ ಊಟ!" ಅಂತ. ಮೆಣಸಿನ ಸಾಂಬಾಲ್ ಒಂದು ಬೆರಳು ತಿಂದವರು ಕಣ್ಣು ಮೂಗು ಒರೆಸಿಕೊಳ್ಳುತ್ತಾ ಎದ್ದರು. ಆದರೆ ಮರು ಶುಕ್ರವಾರ ಮತ್ತೆ ಬಂದರು.

ಈ ಅಬು ಫಹದ್ ಬಗ್ಗೆ ಹೇಳಬೇಕು. ಮೇಲಿನವರು ಎರಡು ಜಾತಿ. ಒಬ್ಬರು ಕೂಡಲೇ ಹೌದು ಅಂದು ಏನೂ ಮಾಡುವುದಿಲ್ಲ. ಇನ್ನೊಬ್ಬರು ಮೊದಲು ಇಲ್ಲ ಅಂದು, ಆಮೇಲೆ ಎಲ್ಲವನ್ನೂ ಮಾಡಿಕೊಡುತ್ತಾರೆ. ಇವರು ಎರಡನೆಯವರು. 'ಲಾ' ಅಂದರೆ ಅರಬ್ಬಿಯಲ್ಲಿ ಇಲ್ಲ; ಇವರ 'ಲಾ' ಕೇಳಿ ಹೆದರಿ ವಾಪಸು ಬಂದರೆ ಕೆಲಸ ಕೆಟ್ಟಿತು. ಅಲ್ಲೇ ನಿಂತಿರಬೇಕು. ಅವರು ಫೋನ್ ನೋಡುತ್ತಾರೆ, ಗಾವಾ ಅನ್ನುವ ಅರಬ್ಬಿ ಕಾಫಿ ಕುಡಿಯುತ್ತಾರೆ, ತಲೆ ಎತ್ತಿ, "ಇನ್ನೂ ಇಲ್ಲೇ ಇದ್ದೀಯಾ?" ಅನ್ನುತ್ತಾರೆ. ಆಗ ಇನ್ನೊಮ್ಮೆ ಹೇಳಬೇಕು.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ರೂಮು ರೂಮಿಗೆ ಹೋಗಿ ತಲೆ ಎಣಿಸುತ್ತಿದ್ದೆ, ಯಾರಿಗೆ ಜ್ವರ, ಯಾರು ಊರಿನ ಸುದ್ದಿ ಕೇಳಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಎಲ್ಲ ಗೊತ್ತಾಗುತ್ತಿತ್ತು. ಈಗ ಮೆಸ್ಸಿನ ಬಾಗಿಲಿನಲ್ಲಿ ಮುಖ ಗುರುತಿಸುವ ಯಂತ್ರ. ಅದು ಬಂದ ವಾರದಲ್ಲೇ ಮೀಸೆ ಬೋಳಿಸಿದ ಒಬ್ಬ ವೆಲ್ಡರನಿಗೆ ಊಟ ಕೊಡುವುದಿಲ್ಲ ಅಂತ ಹಟ ಹಿಡಿಯಿತು. ಯಂತ್ರ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹುಡುಗರೇ, ದಿನಕ್ಕೊಮ್ಮೆ ನಿಮ್ಮ ಕಾಲಲ್ಲಿ ಬ್ಲಾಕಿಗೆ ಒಂದು ಸುತ್ತು ಹಾಕಿ.

ಹಾಗೆ ಸುತ್ತು ಹಾಕುವಾಗಲೇ ನನಗೆ ಜಮ್ರೋನಿಯ ವಿಷಯ ಕಂಡದ್ದು. ಜಮ್ರೋನಿ ಎಲೆಕ್ಟ್ರಿಷಿಯನ್, ಗುಬುಕ್ ನಾಂಕಾದ ಪಕ್ಕದ ಕೇರಿಯವನು. ಅಮಾಕ್ ರೊಹಾನಿ ಮನೆಗೆ ವಿಡಿಯೊ ಕಾಲ್ ಮಾಡುವ ಹೊತ್ತಿಗೆ ಸರಿಯಾಗಿ ಮೆಸ್ಸಿನ ಅಡಿಗೆಮನೆಯಲ್ಲಿ ಟ್ಯೂಬ್‌ಲೈಟ್ ಕೆಡುತ್ತಿತ್ತು. ಇವನು ಏಣಿ ಹಿಡಿದು ಅವರ ಬೆನ್ನ ಹಿಂದೆ ಹಾಜರ್. ಫೋನಿನ ಆಚೆ ಕಡೆ ರೊಹಾನಿ. ಊರಿನ ಮದ್ರಸಾದ ಸಣ್ಣ ಮಕ್ಕಳಿಗೆ ಟೀಚರ್, ಇಪ್ಪತ್ಮೂರು ದಾಟಿದ ಹುಡುಗಿ. ಅಪ್ಪನ ಜೊತೆ ಮಾತಾಡುತ್ತಾ ಅವಳ ಕಣ್ಣು ಮೇಲೆ ಏಣಿಯ ಕಡೆಗೆ. "ಹಮೀದ್, ಆ ಟ್ಯೂಬ್‌ಲೈಟಿಗೆ ಎಂತ ರೋಗ ಮಾರಾಯ? ಸ್ಟೋರಿನಲ್ಲಿ ಸ್ಟಾರ್ಟರ್ ಖಾಲಿ!" ಅಂತ ಲಾರೆನ್ಸ್ ಕೇಳಿದ ಮೇಲೆ ನನಗೆ ತಲೆಗೆ ಹೋಯಿತು.

ಜಮ್ರೋನಿಯೇ ಒಂದು ದಿನ ಬಂದು ರಜೆ ಕೇಳಿದ. ಯಾಕೆ ಅಂದೆ. ಮದುವೆ ಅಂದ. ಯಾರ ಜೊತೆ ಅಂದೆ. ನೆಲ ನೋಡಿದ.

"ಸರಿ ಮಾರಾಯ, ಅಮಾಕ್ ಹತ್ರ ಕೇಳಿದ್ಯಾ?"

ಅವನು ಎರಡು ಹೆಜ್ಜೆ ಹಿಂದೆ ಹೋದ. "ಕೇಳುವುದಾ? ಇಲ್ಲ ಇಲ್ಲ ಪಾಕ್. ಕೇಳಬಾರದು!"

ನಾಚಿಕೆ ಅಂತ ಅಂದುಕೊಂಡೆ ನಾನು. ಊರಿನಲ್ಲಿ ನಾನು ಕೂಡಿಸಿದ ಸಂಬಂಧ ಒಂದೂ ಮುರಿದಿಲ್ಲ, ಆ ಜಂಬ ಬೇರೆ. ಹುಡುಗನಿಗೆ ಇಲ್ಲಿ ಹಿರಿಯರು ಇಲ್ಲದಿದ್ದರೆ ಏನಾಯಿತು, ನಾವಿಲ್ಲವಾ? ಶುಕ್ರವಾರ ನಮಾಜು ಮುಗಿಸಿ, ಉನೈಜಾದ ಖರ್ಜೂರದ ಡಬ್ಬಿ, ಹಲ್ವಾ ಎಲ್ಲ ಹಿಡಿದು, ಲಾರೆನ್ಸನಿಗೂ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಅಮಾಕ್ ರೂಮಿಗೆ ಹೋದೆ. ನಮ್ಮ ಕ್ರಮದಂತೆ ಮೊದಲು ಹವಾಮಾನ, ಆಮೇಲೆ ಆರೋಗ್ಯ, ಆಮೇಲೆ ನಿಧಾನಕ್ಕೆ ವಿಷಯ. ಹುಡುಗ ಒಳ್ಳೆಯವ, ದುಶ್ಚಟ ಇಲ್ಲ, ಕೈಯಲ್ಲಿ ವಿದ್ಯೆ ಉಂಟು, ನಿಮ್ಮ ಮಗಳನ್ನು ಅವನಿಗೆ ಕೇಳಲಿಕ್ಕೆ ಬಂದಿದ್ದೇವೆ ಅಂದೆ. ಎಷ್ಟು ಚೆನ್ನಾಗಿ ಹೇಳಿದೆ ಅಂದರೆ ನನಗೇ ಖುಷಿಯಾಯಿತು.

ಅಮಾಕ್ ಎದ್ದು ನಿಂತರು. ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕೋಳಿಮರಿ ಬೇಕಾದರೆ ಜನ ಹೀಗೆ ಕೇಳಿಕೊಂಡು ಬರುತ್ತಾರೆ ಪಾಕ್. ನನ್ನ ಮಗಳು ಕೋಳಿಮರಿಯಾ?"

ಖರ್ಜೂರದ ಡಬ್ಬಿ ನನ್ನ ಕೈಗೇ ವಾಪಸು ಬಂತು. ಲಾರೆನ್ಸ್ ಹೊರಗೆ ಬಂದವನೇ, "ನಿನ್ನ ದಲ್ಲಾಳಿತನಕ್ಕೆ ಬೆಂಕಿ ಬಿತ್ತು" ಅಂದ. ಆವತ್ತಿನಿಂದ ಮೆಸ್ಸಿನಲ್ಲಿ ನನ್ನ ತಟ್ಟೆಗೂ ಜಮ್ರೋನಿಯ ತಟ್ಟೆಗೂ ಸಾಂಬಾಲ್ ಬೀಳುವುದು ನಿಂತಿತು.

ಆಮೇಲೆ ಜಮ್ರೋನಿ ಕೂತು ನನಗೆ ವಿವರಿಸಿದ. ಅವರ ಹಳ್ಳಿಯಲ್ಲಿ ಹೆಣ್ಣು ಕೇಳುವುದಿಲ್ಲ, ಕದಿಯುತ್ತಾರೆ! ಹುಡುಗಿ ಒಪ್ಪಿರಬೇಕು, ಅದು ಮೊದಲ ಮಾತು. ಅವಳು ಒಪ್ಪಿದ ಮೇಲೆ ಹುಡುಗ ರಾತ್ರಿ ಬಂದು ಕರೆದುಕೊಂಡು ಹೋಗುತ್ತಾನೆ, ಜೊತೆಗೆ ಅವನ ಅತ್ತಿಗೆಯೋ ಚಿಕ್ಕಮ್ಮನೋ ಇರಲೇಬೇಕು. ಹುಡುಗಿಯನ್ನು ಒಬ್ಬ ಬಂಧುವಿನ ಮನೆಯಲ್ಲಿ ಮರ್ಯಾದೆಯಿಂದ ಅಡಗಿಸಿ ಇಟ್ಟು, ಊರಿನ ಯಜಮಾನನ ಮೂಲಕ ಅಪ್ಪನಿಗೆ ಹೇಳಿ ಕಳಿಸುತ್ತಾರೆ. ಅಪ್ಪ ಹಾರಾಡುತ್ತಾನೆ, ಕೂಗಾಡುತ್ತಾನೆ, ಆಮೇಲೆ ವಲಿಯಾಗಿ, ಅಂದರೆ ಹುಡುಗಿಯ ಕಡೆಯ ಹಿರಿಯನಾಗಿ, ಕೂತು ನಿಕಾಹ್ ಮಾಡಿ ಕೊಡುತ್ತಾನೆ; ವಲಿ ಇಲ್ಲದೆ ನಿಕಾಹ್ ಇಲ್ಲ. ಕದಿಯುವಷ್ಟು ಧೈರ್ಯ ಇದ್ದವನಿಗೆ ಮಗಳ ಮೇಲೆ ನಿಜವಾದ ಆಸೆ ಇದೆ ಅಂತ ಲೆಕ್ಕ. ಸುಮ್ಮನೆ ಬಂದು ಕೇಳುವುದು ಅಂದರೆ, ಕೊಟ್ಟರೆ ಕೊಡಿ ಇಲ್ಲದಿದ್ದರೆ ಬಿಡಿ ಎಂಬ ಹಾಗೆ. ನಾನು ತಲೆಗೆ ಕೈ ಕೊಟ್ಟು ಕೂತೆ. ನಮ್ಮಲ್ಲಿ ಹೀಗೆ ಮಾಡಿದರೆ ಪೊಲೀಸರು ಬರುತ್ತಾರೆ, ಅವರ ಹಿಂದೆ ಟೀವಿಯವರು ಬರುತ್ತಾರೆ.

ತಮಾಷೆ ಅಲ್ಲಿಗೆ ಮುಗಿಯಿತು. ಅಮಾಕ್ ಸಿ ಬ್ಲಾಕಿನ ಎಲ್ಲರೆದುರು ಹೇಳಿಬಿಟ್ಟಿದ್ದರು, ಜಮ್ರೋನಿ ತನ್ನ ಮಗಳನ್ನು ಕರೆದುಕೊಂಡು ಹೋದರೆ ತಾನು ವಲಿಯಾಗುವುದಿಲ್ಲ ಅಂತ. ಕದ್ದು ಹೋದ ಹುಡುಗಿ ನಿಕಾಹ್ ಇಲ್ಲದೆ ಅಪ್ಪನ ಮನೆಗೆ ಮರಳಿದರೆ ಆ ಊರಿನಲ್ಲಿ ಅವಳ ಹೆಸರು ಹೋಯಿತು, ಮತ್ತೆ ಯಾರೂ ಮದುವೆಯಾಗುವುದಿಲ್ಲ. ಜಮ್ರೋನಿ ಕಣ್ಣೀರು ಹಾಕಿದ. ಬೇಡ, ಬಿಟ್ಟುಬಿಡುತ್ತೇನೆ ಪಾಕ್, ಅವಳ ಬಾಳು ನನ್ನಿಂದ ಕೆಡುವುದು ಬೇಡ ಅಂದ.

ಅದಾದ ಮೇಲೆ ರೊಹಾನಿಯೇ ನನಗೆ ಫೋನ್ ಮಾಡಿದಳು. ಮದ್ರಸಾದಲ್ಲಿ ಅರಬ್ಬಿ ಕಲಿಸುವವಳು, ನನಗಿಂತ ಚೆನ್ನಾಗಿ ಮಾತಾಡಿದಳು.

"ಪಾಕ್ ಹಮೀದ್, ನೀವು ನನ್ನನ್ನು ನನ್ನ ಅಪ್ಪನ ಹತ್ತಿರ ಕೇಳಿದಿರಿ. ಅಪ್ಪ ಇಲ್ಲ ಅಂದರು. ಜಮ್ರೋನಿ ನಿಮ್ಮ ಹತ್ತಿರ ಬಿಟ್ಟುಬಿಡುತ್ತೇನೆ ಅಂದ. ನನ್ನ ಹತ್ತಿರ ಯಾರೂ ಮಾತಾಡಲೇ ಇಲ್ಲ."

ನಾನು ಕೀಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟು ಕೂತೆ.

"ನಾನು ಒಪ್ಪಿದ್ದೇನೆ. ಅವನು ಬಂದರೆ ಹೋಗುತ್ತೇನೆ. ಅಪ್ಪ ವಲಿ ಆಗದಿದ್ದರೆ ನನ್ನ ಗತಿ ಏನು ಅಂತಲೂ ಗೊತ್ತು. ಅಪ್ಪನಿಗೆ ಯಾಕೆ ಇಷ್ಟು ಸಿಟ್ಟು ಅಂತ ಮಾತ್ರ ಗೊತ್ತಿಲ್ಲ. ಅದನ್ನು ನೀವು ಕೇಳಿ. ಅದನ್ನು ಕೇಳಬಹುದು."

ಮರುದಿನ ಅಡಿಗೆಮನೆಗೆ ಹೋದೆ. ಅಮಾಕ್ ಈರುಳ್ಳಿ ಕತ್ತರಿಸುತ್ತಿದ್ದರು. ನಾನೂ ಒಂದು ಚೂರಿ ತೆಗೆದುಕೊಂಡು ಎದುರು ಕೂತೆ. ಇಬ್ಬರೂ ಸೇರಿ ಅರ್ಧ ಮೂಟೆ ಕತ್ತರಿಸಿದೆವು. ಆಮೇಲೆ ನಾನೇ ಹೇಳಿದೆ, ನಾನು ಕೇಳಲಿಕ್ಕೆ ಬಂದದ್ದು ನನ್ನ ಊರಿನ ಬುದ್ಧಿ, ಅದಕ್ಕೆ ಹುಡುಗನಿಗೆ ಶಿಕ್ಷೆ ಯಾಕೆ ಅಂತ.

"ನಿಮ್ಮ ಮೇಲೆ ಸಿಟ್ಟಿಲ್ಲ ಪಾಕ್" ಅಂದರು. "ಹುಡುಗನ ಮೇಲೂ ಇಲ್ಲ. ಹುಡುಗ ಒಳ್ಳೆಯವನೇ."

"ಮತ್ತೆ ಎಂತ?"

ಚೂರಿ ಕೆಳಗಿಟ್ಟರು. "ನಾನು ಸೌದಿಗೆ ಬರುವಾಗ ರೊಹಾನಿ ಅಂಬೆಗಾಲು ಇಡುತ್ತಿದ್ದಳು. ರಜೆಗೆ ಹೋದಾಗಲೆಲ್ಲ ಒಬ್ಬಳು ಹೊಸ ಹುಡುಗಿ ಬಾಗಿಲು ತೆಗೆಯುತ್ತಿದ್ದಳು. ನನ್ನ ಮನೆಯಲ್ಲಿ ರಾತ್ರಿ ಬಾಗಿಲಿನ ಹತ್ತಿರ ಮಲಗುವ ಗಂಡಸು ಯಾರು? ಯಾರೂ ಇಲ್ಲ. ಆ ಮನೆಯಿಂದ ಯಾರು ಬೇಕಾದರೂ ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು. ಕಾವಲೇ ಇಲ್ಲದ ಮನೆಯಿಂದ ತೆಗೆದುಕೊಂಡು ಹೋದರೆ ಅದು ಕದ್ದದ್ದಾ, ಪಾಕ್? ಬಿದ್ದದ್ದನ್ನು ಹೆಕ್ಕಿಕೊಂಡು ಹೋದ ಹಾಗೆ. ನನ್ನ ಮಗಳು ಹಾಗೆ ಹೋಗಬಾರದು."

ಈರುಳ್ಳಿಯ ನೆಪ ಇದ್ದದ್ದು ಒಳ್ಳೆಯದಾಯಿತು, ಇಬ್ಬರಿಗೂ. ನನ್ನ ಮೂರು ಹೆಣ್ಣುಮಕ್ಕಳ ಮದುವೆಗೂ ನಾನು ನೆಂಟರ ಹಾಗೆ ಹೋಗಿ, ಬಿರಿಯಾನಿ ಉಂಡು, ವಿಮಾನ ಹತ್ತಿದವನು. ಆ ಮನುಷ್ಯ ಹೇಳಿದ್ದು ನನ್ನ ಎದೆಗೆ ನೇರ ಬಂದು ತಾಗಿತು.

ಲಾರೆನ್ಸನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, "ಹಾಗಾದರೆ ಸುಲಭ ಅಲ್ಲವಾ? ಇಬ್ಬರಿಗೂ ಒಟ್ಟಿಗೆ ರಜೆ ಕೊಡು. ಅವರು ಕಾಯಲಿ, ಇವ ಕದಿಯಲಿ" ಅಂದ. ತಮಾಷೆಗೆ ಅಂದದ್ದು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಆದರೆ ರಮದಾನ್‌ಗೆ ಒಂದೂವರೆ ತಿಂಗಳಷ್ಟೇ ಉಳಿದಿತ್ತು, ಅಡಿಗೆಮನೆಗೆ ತಯಾರಿಯ ಕಾಲ. ಆ ಹೊತ್ತಿನಲ್ಲಿ ಅಡಿಗೆಯವರಿಗೆ ರಜೆ ಅಂದರೆ ಕಂಪೆನಿಯಲ್ಲಿ ನಗುತ್ತಾರೆ. ಅಬು ಫಹದ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಕದಿಯುವುದಾ? ಅಸ್ತಗ್ಫಿರುಲ್ಲಾ! ಕಳ್ಳತನಕ್ಕೆ ನನ್ನ ಸಹಿ ಬೇಕಾ ನಿನಗೆ? ಲಾ!"

ನಾನು ಅಲ್ಲೇ ನಿಂತೆ. ಫೋನ್ ನೋಡಿದರು. ಗಾವಾ ಕುಡಿದರು.

"ಇನ್ನೂ ಇಲ್ಲೇ ಇದ್ದೀಯಾ?"

ಇನ್ನೊಮ್ಮೆ ಹೇಳಿದೆ. ಈ ಸಲ ಕದಿಯುವ ವಿಷಯ ಬಿಟ್ಟು ಕಾಯುವ ವಿಷಯ ಹೇಳಿದೆ. ಗಾವಾದ ಲೋಟ ಕೆಳಗಿಟ್ಟರು. ಅವರಿಗೂ ಹೆಣ್ಣುಮಕ್ಕಳು, ಮನೆ ಉನೈಜಾದಲ್ಲಿ, ಕೆಲಸ ಇಲ್ಲಿ ಸಮುದ್ರದ ಬದಿಯಲ್ಲಿ, ವಾರಕ್ಕೊಮ್ಮೆ ಆ ದೂರ ಗಾಡಿ ಓಡಿಸುವವರು.

"ಅಡಿಗೆ ಯಾರು ಮಾಡುವುದು?"

"ನಾನು."

"ನೀನಾ?" ಅಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಲ್ಲಾಹ್ ಆ ಬಡಪಾಯಿಗಳನ್ನು ಕಾಪಾಡಲಿ" ಅಂದು ಸಹಿ ಹಾಕಿದರು.

ಅಮಾಕ್‌ಗೆ ನಾನು ಹೇಳಿದ್ದು ಇಷ್ಟೇ, ನಿಮಗೆ ಒಂದು ತಿಂಗಳ ರಜೆ ಆಗಿದೆ ಅಂತ. ಇನ್ಯಾರಿಗೆ ರಜೆ ಆಗಿದೆ ಅಂತ ಅವರೂ ಕೇಳಲಿಲ್ಲ. ಕೇಳುವ ಕ್ರಮ ಇಲ್ಲ. ಎಲ್ಲ ಸರಿ ಇತ್ತು, ಆದರೆ ಟಿಕೆಟ್ ಮಾಡುವ ಆಫೀಸಿನ ಹುಡುಗನಿಗೆ ಇದೆಲ್ಲ ಯಾರು ಹೇಳಬೇಕು? ಒಂದೇ ಊರಿಗೆ ಇಬ್ಬರು ಅಂತ ದಮ್ಮಾಮಿನಿಂದ ಒಂದೇ ವಿಮಾನ, ಅಕ್ಕಪಕ್ಕದ ಸೀಟು! ಹೊರಡುವ ದಿನ ಕ್ಯಾಂಪಿನ ಬಸ್ಸಿನ ಹತ್ತಿರ ಇಬ್ಬರೂ ಪೆಟ್ಟಿಗೆ ಹಿಡಿದು ಎದುರುಬದುರಾದರು. ಸಿ ಬ್ಲಾಕ್ ಪೂರ್ತಿ ಸುತ್ತ ನಿಂತು ನೋಡುತ್ತಿತ್ತು. ಲಾರೆನ್ಸ್ ನನ್ನ ಕಿವಿಯಲ್ಲಿ, "ಮನೆ ಯಜಮಾನನನ್ನೂ ಕಳ್ಳನನ್ನೂ ಒಂದೇ ಸೀಟಿಗೆ ಕಟ್ಟಿಹಾಕಿದ್ಯಲ್ಲ ಮಾರಾಯ" ಅಂದ. ಅಮಾಕ್ ಜಮ್ರೋನಿಯನ್ನು ಒಮ್ಮೆ ನೋಡಿದರು. ತಮ್ಮ ಎರಡು ಪೆಟ್ಟಿಗೆಯಲ್ಲಿ ಭಾರದ್ದನ್ನು ಅವನ ಕೈಗೆ ಕೊಟ್ಟು, ಬಸ್ಸು ಹತ್ತಿದರು.

ಆಮೇಲಿನ ದಿನಗಳು ನನ್ನ ಸರ್ವಿಸಿನಲ್ಲೇ ಕಷ್ಟದವು. ಅಡಿಗೆ ಅಂದರೆ ನನಗೆ ಗೊತ್ತಿದ್ದದ್ದು ನಮ್ಮ ಮನೆಯ ಕೋಳಿ ಸಾರು, ಮೀನು ಸಾರು. ಅದನ್ನೇ ತಿರುಗಿಸಿ ತಿರುಗಿಸಿ ಮಾಡಿದೆ. ತೆಂಗಿನಕಾಯಿ ಇದ್ದ ಕಾರಣ ಬಚಾವಾದೆ. ಸಿ ಬ್ಲಾಕಿನವರಿಗೆ ಊಟದ ಮೇಲೆ ಗಮನವೇ ಇರಲಿಲ್ಲ ಬಿಡಿ. ಬೆಳಿಗ್ಗೆ ಎಲ್ಲರೂ ಮೊದಲು ಅಡಿಗೆಮನೆಗೆ ಬಂದು ನನ್ನ ಮುಖ ನೋಡುವುದು, ಆಯಿತಾ? ನಾನು ತಲೆ ಅಲ್ಲಾಡಿಸುವುದು, ಇಲ್ಲ.

ಒಂದು ವಾರ ಕಳೆಯಿತು, ಇಲ್ಲ. ಜಮ್ರೋನಿಯ ಮೆಸೇಜ್ ಬಂತು. "ಪಾಕ್, ಅವರು ಮಲಗುವುದೇ ಇಲ್ಲ. ರಾತ್ರಿ ಪೂರ್ತಿ ಜಗುಲಿಯಲ್ಲಿ ಕೂತಿರುತ್ತಾರೆ. ನನ್ನ ಚಿಕ್ಕಮ್ಮ ಕಣಜದ ಹಿಂದೆ ಸೊಳ್ಳೆ ಕಚ್ಚಿಸಿಕೊಂಡು ಸುಸ್ತಾಗಿದ್ದಾಳೆ." ಎರಡನೇ ವಾರವೂ ಅದೇ ಕತೆ. ಜಮ್ರೋನಿಗೆ ಸಿಕ್ಕಿದ್ದು ಮೂರೇ ವಾರದ ರಜೆ, ಅದು ಮುಗಿಯುತ್ತಾ ಬಂದಿತ್ತು. ಈ ಸಲ ಆಗದಿದ್ದರೆ ಇನ್ನು ಎರಡು ವರ್ಷ. ಅಷ್ಟರಲ್ಲಿ ಯಾರು ಎಲ್ಲಿ ಇರುತ್ತಾರೋ. ನನಗೆ ಹೆದರಿಕೆ ಹತ್ತಿತು. ಈ ಮನುಷ್ಯ ನನಗೆ ಟೋಪಿ ಹಾಕಿ, ಮಗಳನ್ನು ಬಿಡಲೇಬಾರದು ಅಂತಲೇ ಊರಿಗೆ ಹೋದನಾ?

ತಡೆಯಲಾರದೆ ಫೋನ್ ಮಾಡಿದೆ.

"ಅಮಾಕ್, ನಿದ್ರೆ ಬರುವುದಿಲ್ಲವಾ?"

"ಬರುತ್ತದೆ ಪಾಕ್. ತುಂಬಾ ಬರುತ್ತದೆ." ಧ್ವನಿ ತಗ್ಗಿಸಿದರು, ಹತ್ತಿರದಲ್ಲಿ ಯಾರೋ ಇದ್ದ ಹಾಗೆ. "ಆದರೆ ಅವಳು ಒಳಗೆ ಮಲಗಿರುತ್ತಾಳೆ. ಉಸಿರಾಡುವುದು ಜಗುಲಿಗೆ ಕೇಳಿಸುತ್ತದೆ. ಇನ್ನೊಂದು ರಾತ್ರಿ ಕೇಳಿ ಮಲಗೋಣ ಅಂದುಕೊಳ್ಳುತ್ತೇನೆ. ಬೆಳಗಾಗುತ್ತದೆ."

"ಸರಿ ಅಮಾಕ್" ಅಂದು ಇಟ್ಟುಬಿಟ್ಟೆ. ಜಮ್ರೋನಿಗೆ ಮಾತ್ರ, ಸೊಳ್ಳೆಗೆ ಹೆದರಬೇಡ, ಮದುವೆ ಆದ ಮೇಲೆ ಸೊಳ್ಳೆ ದೊಡ್ಡ ಸಂಗತಿಯೇ ಅಲ್ಲ ಅಂತ ಬರೆದೆ.

ಜಮ್ರೋನಿ ವಾಪಸು ವಿಮಾನ ಹತ್ತಲು ಒಂದು ವಾರವೂ ಉಳಿದಿರಲಿಲ್ಲ. ನಾನು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದೆ. ಫೋನ್ ಬಂತು. ಎತ್ತಿದರೆ ಕಿವಿ ಒಡೆಯುವ ಹಾಗೆ ಬೊಬ್ಬೆ.

"ಪಾಕ್ ಹಮೀದ್! ಕದ್ದರು! ನನ್ನ ಮಗಳನ್ನು ಕದ್ದರು! ನನ್ನ ಮನೆಗೆ ನುಗ್ಗಿ ಕದ್ದರು!"

ಸ್ಪೀಕರಿಗೆ ಹಾಕಿದೆ. ರಾತ್ರಿ ಪಾಳಿ ಮುಗಿಸಿ ಬಂದ ಸಿ ಬ್ಲಾಕಿನವರು ಮೆಸ್ಸಿನಲ್ಲಿ ಇದ್ದರು, ತಟ್ಟೆ ಬಡಿದು ಕುಣಿದರು. ಆಚೆ ಕಡೆ ಅಮಾಕ್ ಕಳ್ಳನ ಏಳು ತಲೆಮಾರಿಗೆ ಬೈಯುತ್ತಿದ್ದಾರೆ, ಅವರ ಹಿಂದೆ ಊರಿನ ಹೆಂಗಸರು ನಗುವುದು ಕೇಳುತ್ತಿದೆ. ನಿಕಾಹ್ ನಾಳೆಯಂತೆ, ವಲಿಯ ಜಾಗದಲ್ಲಿ ತಾನೇ ಕೂರುತ್ತೇನೆ, ಆ ಕಳ್ಳನ ಕೈಯನ್ನು ಪುಡಿಯಾಗುವ ಹಾಗೆ ಹಿಡಿಯುತ್ತೇನೆ ಅಂದರು. ಲಾರೆನ್ಸ್ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ಗಲಾಟೆ ತಣ್ಣಗಾದ ಮೇಲೆ ಫೋನ್ ಹಿಡಿದು ಅಕ್ಕಿ ಸ್ಟೋರಿನೊಳಗೆ ಹೋಗಿ ಬಾಗಿಲು ಎಳೆದುಕೊಂಡೆ.

"ಅಮಾಕ್, ನಿಜ ಹೇಳಿ. ನಿದ್ರೆ ಹೋಗಿದ್ದಿರಾ?"

"ಇಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಅವಳು ನನ್ನನ್ನು ದಾಟಿ ಹೋಗುವಾಗ ಬಗ್ಗಿ ನನಗೆ ಹೊದಿಕೆ ಹೊದಿಸಿದಳು. ಆಮೇಲೆ ಎದ್ದು ಬೊಬ್ಬೆ ಹಾಕುತ್ತಾ ಓಡಿಸಿಕೊಂಡು ಹೋದೆ. ಗದ್ದೆ ದಾಟಿ, ತೋಡಿನವರೆಗೆ."

"ಸಿಗಲಿಲ್ಲವಾ?"



"ಕೈ ಚಾಚಿದರೆ ಅವಳ ಬೆನ್ನು ಸಿಗುತ್ತಿತ್ತು ಪಾಕ್. ಅಷ್ಟು ಹತ್ತಿರ ಹೋದೆ. ಆಮೇಲೆ ಎಡವಿದವನ ಹಾಗೆ ನಿಂತುಬಿಟ್ಟೆ."